ಸಿಂಗಪುರದ ಹಾದಿಯ ಬುತ್ತಿ

ನಮ್ಮ ಹಿರಿಯರು ಯಾತ್ರೆಗೆ ಹೊರಡುವುದಕ್ಕೆ ಮುಂಚೆ ದಿನ, ದಿಕ್ಕು, ಬುತ್ತಿ ಎಂಬ ಮೂರನ್ನು ವಿಚಾರಮಾಡುತ್ತಿದ್ದರು. ದಿನವನ್ನು ಜೋಯಿಸರು ಪಂಚಾಂಗ ನೋಡಿ ಹೇಳುತ್ತಿದ್ದರು. ದಿಕ್ಕನ್ನು ಹರಕೆ ಸಲ್ಲಬೇಕಾದ ದೇವರೇ ಗೊತ್ತುಮಾಡಿರುತ್ತಿದ್ದನು. ಬುತ್ತಿಯನ್ನು ಮನೆಯ ಹೆಂಗಸರು ಕೋಳಿ ಕೂಗುವುದಕ್ಕೆ ಮುಂಚೆ ಎದ್ದು ಕಟ್ಟುತ್ತಿದ್ದರು. ಈ ಬುತ್ತಿಗೆ ಸಂಸ್ಕೃತದಲ್ಲಿ ಪಾಥೇಯವೆಂದು ಹೆಸರು. ಪಥದಲ್ಲಿ ಉಪಯೋಗಕ್ಕೆ ಬರುವುದು ಯಾವುದೋ ಅದು ಪಾಥೇಯ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹುಡುಗರಿಗೆ ಈ ಶಬ್ದದ ವ್ಯುತ್ಪತ್ತಿಯನ್ನು ಹೇಳಿಕೊಟ್ಟ ನಾವು, ಅರುವತ್ತರ ಹೊಸ್ತಿಲಿನಲ್ಲಿ ಅದಕ್ಕೆ ಹೊಸದೊಂದು ಅರ್ಥವನ್ನು ಕಲಿಯಬೇಕಾಯಿತು. ಈ ಹೊಸ ಪಾಥೇಯವನ್ನು ಕಟ್ಟುವವರು ಬ್ಯಾಂಕಿನವರು. ಅದು ಕಣ್ಣಿಗೆ ಕಾಣದು, ಕೈಗೆ ಸಿಕ್ಕದು. ಆದರೆ ಹೊತ್ತು ಮೀರಿದರೆ ಮಾತ್ರ ಹಳೆಯ ಬುತ್ತಿಯಂತೆಯೇ ಹಳಸಿಹೋಗುವುದು.

ನಮ್ಮ ಊರು ತಿಪಟೂರು. ಮಗನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವನು. ಮಗಳೂ ಅಳಿಯಂದಿರೂ ಸಿಂಗಪುರದಲ್ಲಿ ನೆಲಸಿರುವರು. ೨೦೨೨ರ ನವರಾತ್ರಿಯಲ್ಲಿ ಮಗಳು ಫೋನುಮಾಡಿ, ತನಗೆ ಬರುವ ಫೆಬ್ರವರಿ ಏಳರ ಸುಮಾರಿಗೆ ಹೆರಿಗೆಯಾಗಬಹುದೆಂದು ವೈದ್ಯರು ಹೇಳಿರುವರೆಂದಳು. ಚೊಚ್ಚಲು ಹೆರಿಗೆ ತವರಿನಲ್ಲಾಗುವುದು ನಮ್ಮ ಕಡೆಯ ವಾಡಿಕೆ. ಆದರೆ ಅವಳ ಉದ್ಯೋಗ, ಅಲ್ಲಿಯ ವೈದ್ಯರ ಆರೈಕೆ, ದೂರದ ಪ್ರಯಾಣ ಇವೆಲ್ಲವನ್ನೂ ನೋಡಿದಾಗ, ಅವಳು ಇಲ್ಲಿಗೆ ಬರುವುದಕ್ಕಿಂತ ತವರೇ ಅವಳಿದ್ದಲ್ಲಿಗೆ ಹೋಗುವುದು ಲೇಸೆಂದು ತೋರಿತು. ನಮ್ಮ ಮನೆಯವರು ಅಂದಿನಿಂದಲೇ ಬಾಣಂತನದ ಸಾಮಾನಿನ ಪಟ್ಟಿಯನ್ನು ಹಾಕತೊಡಗಿದರು. ಪ್ರಯಾಣದ ಖರ್ಚಿನ ಪಟ್ಟಿ ನಮ್ಮ ಪಾಲಿಗೆ ಬಂದಿತು. ನಿವೃತ್ತ ಉಪಾಧ್ಯಾಯನ ಪಿಂಚಣಿ ಎಷ್ಟೆಂಬುದನ್ನು ವಾಚಕರಿಗೆ ವಿವರಿಸಬೇಕಾದುದಿಲ್ಲ.

ಆಗ ಮಗನು, "ಅಪ್ಪಾ, ನನ್ನ ಕ್ರೆಡಿಟ್ ಕಾರ್ಡಿನಲ್ಲಿ ಪಾಯಿಂಟುಗಳಿವೆ. ಅವನ್ನು ಮೈಲುಗಳಾಗಿ ಮಾಡಿದರೆ ಇಬ್ಬರಿಗೂ ಟಿಕೆಟ್ಟು ಆಗುತ್ತೆ. ಆದರೆ ಯಾವಾಗ ಮಾಡಬೇಕು ಅನ್ನೋದೇ ಯೋಚನೆ" ಎಂದನು.

ಈ ಮಾತನ್ನು ಕೇಳಿ ನಮ್ಮ ಮನೆಯವರೂ ನಾವೂ ಮುಖ ಮುಖ ನೋಡಿಕೊಂಡೆವು. ಅದಕ್ಕೆ ಕಾರಣವೊಂದಿತ್ತು. ಅದನ್ನು ಹೇಳುವುದಕ್ಕೆ ಮುಂಚೆ, ಈ ಪಾಯಿಂಟುಗಳೆಂದರೇನೆಂಬುದನ್ನು ಅರಿಯದ ವಾಚಕರಿಗೆ ಎರಡು ಮಾತು.

ಕಾರ್ಡಿನಿಂದ ಸಾಮಾನು ಕೊಂಡಾಗ ವರ್ತಕನು ಬ್ಯಾಂಕಿಗೆ ಸ್ವಲ್ಪ ದಳ್ಳಾಳಿಯನ್ನು ತೆರುತ್ತಾನೆ. ಅದರಲ್ಲಿ ಒಂದು ಚೂರನ್ನು ಬ್ಯಾಂಕಿನವರು ಪಾಯಿಂಟುಗಳೆಂಬ ಹೆಸರಿನಿಂದ ಗಿರಾಕಿಗೆ ಬಿಟ್ಟುಕೊಡುತ್ತಾರೆ. ಇತ್ತ ವಿಮಾನ ಸಂಸ್ಥೆಗಳು ತಮ್ಮಲ್ಲಿ ಮತ್ತೆ ಮತ್ತೆ ಪ್ರಯಾಣಮಾಡುವವರಿಗೆ ಮೈಲುಗಳೆಂಬ ಲೆಕ್ಕವನ್ನು ಇಟ್ಟಿರುತ್ತವೆ. ಅಮೆರಿಕನ್ ಏರ್‌ಲೈನ್ಸ್ ಎಂಬ ಸಂಸ್ಥೆ ೧೯೮೧ರ ಮೇ ತಿಂಗಳಿನಲ್ಲಿ ಇಂಥ ಯೋಜನೆಯನ್ನು ಆರಂಭಿಸಿತು. ಬಳಿಕ ಲೋಕದ ಸಂಸ್ಥೆಗಳೆಲ್ಲ ಆ ದಾರಿಯನ್ನು ಹಿಡಿದವು. ಮೊದಮೊದಲು ಹಾರಿದವನಿಗೆ ಮಾತ್ರ ದೊರೆಯುತ್ತಿದ್ದ ಮೈಲುಗಳನ್ನು ಈಗ ಬ್ಯಾಂಕುಗಳೇ ಸಗಟಾಗಿ ಕೊಂಡು ತಮ್ಮ ಗಿರಾಕಿಗಳಿಗೆ ಕೊಡುತ್ತವೆ. ಆದುದರಿಂದ ಮನೆಗೆ ತೊಗರಿಬೇಳೆ ತಂದವನೂ ಮೈಲು ಕೂಡಿಸಬಹುದು. ಬ್ಯಾಂಕಿನ ಪಾಯಿಂಟನ್ನು ವಿಮಾನದ ಮೈಲಾಗಿ ಮಾರ್ಪಡಿಸುವುದಕ್ಕೆ ವರ್ಗಾವಣೆ ಎನ್ನುವರು. ಕೆಲವು ಕಾರ್ಡುಗಳಲ್ಲಿ ಒಂದಕ್ಕೆ ಒಂದು, ಕೆಲವದರಲ್ಲಿ ಎರಡಕ್ಕೆ ಒಂದು, ಹೀಗೆ ಪ್ರಮಾಣ ಬೇರೆಬೇರೆ. ಮುಖ್ಯವಾದ ಸಂಗತಿಯೆಂದರೆ, ಈ ದಾರಿ ಹೋಗುವುದಕ್ಕೇ ಹೊರತು ಬರುವುದಕ್ಕಲ್ಲ. ಪಾಯಿಂಟು ಮೈಲಾದೀತು, ಮೈಲು ಮರಳಿ ಪಾಯಿಂಟಾಗದು.

ನಮ್ಮ ಊರಿನವರಿಗೆ ಇದನ್ನು ಹೇಳಬೇಕಾದರೆ ದೃಷ್ಟಾಂತವನ್ನು ದೂರ ಹುಡುಕಬೇಕಾಗಿಲ್ಲ. ಅಟ್ಟದ ಮೇಲಿರುವ ತೆಂಗಿನಕಾಯಿ ಅಡಿಗೆಗೂ ಆದೀತು, ದೇವರಿಗೂ ಆದೀತು, ವರ್ಷ ಒಣಗಿದರೆ ಉಂಡೆಕೊಬ್ಬರಿಯಾಗಿ ಪೇಟೆಗೂ ಹೋದೀತು. ಒಡೆದ ಕಾಯಿಗೆ ಆ ಸ್ವಾತಂತ್ರ್ಯವಿಲ್ಲ. ಅದು ಅಂದಿನ ಅಡಿಗೆಗೇ ಸಲ್ಲಬೇಕು. ಬ್ಯಾಂಕಿನಲ್ಲಿರುವ ಪಾಯಿಂಟು ಅಟ್ಟದ ಕಾಯಿ. ವರ್ಗಾಯಿಸಿದ ಮೈಲು ಒಡೆದ ಕಾಯಿ. ಹಾಗೆಂದು ಅಟ್ಟದಲ್ಲಿಯೇ ಬಿಟ್ಟರೆ ಇಲಿ ಕೊರೆದೀತು, ಕೊಳೆತುಹೋದೀತು, ಪೇಟೆಯ ಧಾರಣೆ ಬಿದ್ದೀತು. ಯಾವಾಗ ಒಡೆಯಬೇಕೆಂಬುದೇ ಗೃಹಸ್ಥನ ವಿವೇಕ.

ಈ ವಿವೇಕ ನಮಗೆ ಪುಕ್ಕಟೆಯಾಗಿ ಬಂದುದಲ್ಲ. ೨೦೧೮ರಲ್ಲಿ ನಮ್ಮ ಅಕ್ಕನವರಿಗೆ ಕಾಶಿಯನ್ನು ನೋಡಬೇಕೆಂಬ ಆಸೆ ಬಲವಾಯಿತು. ತಂದೆತಾಯಿಗಳು ಹೋದ ಮೇಲೆ ನಮ್ಮನ್ನು ಸಾಕಿ ಓದಿಸಿದವರು ಅವರು. ಎಪ್ಪತ್ತನಾಲ್ಕರ ವಯಸ್ಸು, ಎರಡು ರಾತ್ರಿ ರೈಲಿನಲ್ಲಿ ಕೂರಲು ಮಂಡಿನೋವು ಬಿಡದು. ಆ ಸಮಯದಲ್ಲಿ ಒಂದು ವಿಮಾನ ಸಂಸ್ಥೆಗೆ ಪಾಯಿಂಟು ವರ್ಗಾಯಿಸಿದವರಿಗೆ ನೂರಕ್ಕೆ ಇಪ್ಪತ್ತೈದು ಹೆಚ್ಚು ಕೊಡುವೆವೆಂದು ಪ್ರಕಟಣೆ ಬಂದಿತು. ಇದ್ದ ಪಾಯಿಂಟುಗಳನ್ನೆಲ್ಲ ಒಂದೇ ಸಲಕ್ಕೆ ವರ್ಗಾಯಿಸಿಬಿಟ್ಟೆವು. ಮಗನು ಮಾಡಿದನೆಂದರೆ ಸುಳ್ಳಾದೀತು. ಮಾಡೆಂದು ಆತುರಪಡಿಸಿದವರು ನಾವೇ. ಆಮೇಲೆ ಆಸನವನ್ನು ಹುಡುಕಿದರೆ, ನಮಗೆ ಬೇಕಾದ ಕಾರ್ತಿಕ ಮಾಸದ ಯಾವ ದಿನಕ್ಕೂ ಮೈಲಿಗೆ ಕೊಡುವ ಆಸನವಿಲ್ಲ. ವಿಮಾನದಲ್ಲಿ ಸ್ಥಳವಿದ್ದ ಮಾತ್ರಕ್ಕೆ ಅದು ಮೈಲಿಗೆ ದೊರೆಯುವುದೆಂದು ತಿಳಿಯಬಾರದು; ಪ್ರತಿಯೊಂದು ವಿಮಾನದಲ್ಲಿಯೂ ಕೆಲವೇ ಆಸನಗಳನ್ನು ಅದಕ್ಕಾಗಿ ಬಿಡುವರೆಂಬುದು ನಮಗೆ ಆಗ ತಿಳಿದಿತು. ದುಡ್ಡು ಕೊಟ್ಟರೆ ಟಿಕೆಟ್ಟು ಇದ್ದಿತು. ಆದರೆ ಮೈಲುಗಳು ಖಾತೆಯಲ್ಲಿರುವಾಗ ದುಡ್ಡು ಕೊಡಲು ಮನಸ್ಸು ಒಪ್ಪಲಿಲ್ಲ. "ಮುಂದಿನ ಕಾರ್ತಿಕಕ್ಕೆ ಹೋಗೋಣ ಅಕ್ಕ" ಎಂದೆವು. ಅವರು "ಆಗಲಪ್ಪಾ, ಅವಸರವೇನು" ಎಂದರು. ೨೦೧೯ರ ಆಷಾಢದಲ್ಲಿ ಅವರು ತೀರಿಕೊಂಡರು. ಮೈಲುಗಳು ಇನ್ನೂ ಸ್ವಲ್ಪ ಕಾಲ ಖಾತೆಯಲ್ಲಿದ್ದು, ಅವಧಿ ಮುಗಿದು, ಒಂದು ದಿನ ಸೊನ್ನೆಯಾದವು. ಆ ಸೊನ್ನೆಗಾಗಿ ನಮಗೆ ದುಃಖವಾಗಲಿಲ್ಲ.

ಮಗನು ಪಾಯಿಂಟಿನ ಮಾತೆತ್ತಿದಾಗ ನಾವು ಮುಖ ಮುಖ ನೋಡಿಕೊಂಡುದು ಇದಕ್ಕಾಗಿ.

ಈ ಸಲ ಕ್ರಮವನ್ನು ತಲೆಕೆಳಗುಮಾಡಿದೆವು. ಮೊದಲು ದಿನ, ಆಮೇಲೆ ಆಸನ, ಆಮೇಲೆ ಲೆಕ್ಕ, ಕಡೆಯಲ್ಲಿ ವರ್ಗಾವಣೆ. ಅನೇಕ ಯೋಜನೆಗಳಲ್ಲಿ ಖಾತೆಯನ್ನು ತೆರೆಯಲು ದುಡ್ಡು ಬೇಡ. ಖಾತೆಯಲ್ಲಿ ಒಂದು ಮೈಲೂ ಇಲ್ಲದಿದ್ದರೂ ಯಾವ ದಿನ ಆಸನವಿದೆ, ಅದಕ್ಕೆ ಎಷ್ಟು ಮೈಲು ಎಂದು ನೋಡಬಹುದು. ಬೆಂಗಳೂರಿನಿಂದ ಸಿಂಗಪುರಕ್ಕೆ ನೇರವಾಗಿ ಹೋಗುವ ಸಿಂಗಪುರ್ ಏರ್‌ಲೈನ್ಸಿನವರ ಯೋಜನೆಗೆ ಕ್ರಿಸ್‌ಫ್ಲೈಯರ್ ಎಂದು ಹೆಸರು. ಅದರಲ್ಲಿ ಮೈಲುಗಳಿಗೆ ಮೂವತ್ತಾರು ತಿಂಗಳ ಆಯುಸ್ಸು. ಸದಸ್ಯನಾದವನು ತನ್ನ ಮೈಲುಗಳಿಂದ ಐದು ಮಂದಿ ನಾಮಿನಿಗಳವರೆಗೆ ಟಿಕೆಟ್ಟು ತೆಗೆಸಿಕೊಡಬಹುದು. ಬ್ಯಾಂಕಿನವರು ಸಾಮಾನ್ಯವಾಗಿ ಕಾರ್ಡುದಾರನ ಹೆಸರಿನ ಖಾತೆಗೇ ವರ್ಗಾಯಿಸುವರಾದ್ದರಿಂದ ಈ ಏರ್ಪಾಡು ಅನುಕೂಲವಾದುದು. ಮಗನು ತನ್ನ ಹೆಸರಿನಲ್ಲಿ ಖಾತೆ ತೆರೆದು ನಮ್ಮಿಬ್ಬರನ್ನೂ ನಾಮಿನಿಗಳಾಗಿ ಸೇರಿಸಿದನು. ಪಾಸ್‌ಪೋರ್ಟಿನಲ್ಲಿರುವ ಹೆಸರಿನ ಅಕ್ಷರಗಳೂ ಅಲ್ಲಿಯ ಅಕ್ಷರಗಳೂ ಒಂದೇ ಆಗಿರಬೇಕೆಂದು ನಾವು ಮೂರು ಸಲ ಒತ್ತಿಹೇಳಿದೆವು. ಅದು ಉತ್ತರಪತ್ರಿಕೆಗಳನ್ನು ತಿದ್ದಿದ ಅಭ್ಯಾಸಬಲ.

ನೋಡಿದಾಗ ಸಂಕ್ರಾಂತಿಯ ಮಾರನೆಯ ದಿನ, ಎಂದರೆ ೨೦೨೩ರ ಜನವರಿ ೧೬ರ ರಾತ್ರಿಯ ವಿಮಾನದಲ್ಲಿ, ಎರಡೇ ಆಸನಗಳು ಕಂಡವು. ಫೆಬ್ರವರಿ ಹತ್ತರ ಮೇಲೆ ಬೇಕಾದಷ್ಟು ಇದ್ದವು. ಮಗನು, "ಅಪ್ಪಾ, ಸ್ವಲ್ಪ ತಡೆಯೋಣ. ದೀಪಾವಳಿಗೆ ಬ್ಯಾಂಕಿನವರು ಹೆಚ್ಚುವರಿ ಕೊಟ್ಟರೂ ಕೊಡಬಹುದು. ಫೆಬ್ರವರಿ ಹತ್ತಕ್ಕೆ ಹೋದರೂ ಎರಡು ಮೂರು ದಿನದ ವ್ಯತ್ಯಾಸ ಅಷ್ಟೆ" ಎಂದನು.

ನಮ್ಮ ಮನೆಯವರು ಬಾಣಂತನಕ್ಕೆಂದು ಕುಟ್ಟುತ್ತಿದ್ದ ಶುಂಠಿಯನ್ನು ಅಲ್ಲಿಯೇ ಬಿಟ್ಟು ಬಂದರು. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಬಾರದು, ನಿಜ. ಹಾಗಂತ ಕೂಸು ಹುಟ್ಟಿದ ಮೇಲೆ ಸೂಲಗಿತ್ತೀನ ಹುಡುಕೋದೂ ಸರಿಯಲ್ಲಪ್ಪ. ಅತ್ತಿಗೆಯವರಿಗೂ ಹೀಗೇ ಮುಂದೆ ಮುಂದೆ ಅಂದ್ವಿ" ಎಂದರು. ಅತ್ತಿಗೆಯೆಂದರೆ ನಮ್ಮ ಅಕ್ಕ. ಆ ಮಾತಿನ ಮೇಲೆ ಮಗನಾಗಲಿ ನಾವಾಗಲಿ ಇನ್ನೊಂದು ಮಾತಾಡಲಿಲ್ಲ.

ಆದರೂ ಲೆಕ್ಕವನ್ನು ಬಿಡಲಿಲ್ಲ. ಅದರ ರೀತಿಯನ್ನು ಬರಿಯ ಉದಾಹರಣೆಯ ಅಂಕಿಗಳಿಂದ ಇಲ್ಲಿ ಹೇಳುವೆವು. ದುಡ್ಡು ಕೊಟ್ಟರೆ ಟಿಕೆಟ್ಟಿಗೆ ೧೮,೦೦೦ ರೂಪಾಯಿ. ಮೈಲಿನಿಂದಾದರೆ ೧೫,೦೦೦ ಮೈಲು, ಮೇಲೆ ತೆರಿಗೆ ಶುಲ್ಕಗಳಿಗೆ ೩,೦೦೦ ರೂಪಾಯಿ ಎಂದಿಟ್ಟುಕೊಳ್ಳೋಣ. ೧೮,೦೦೦ದಲ್ಲಿ ೩,೦೦೦ ಕಳೆದರೆ ಉಳಿತಾಯ ೧೫,೦೦೦. ಮೈಲಿಗೆ ಒಂದು ರೂಪಾಯಿ ಬಿದ್ದಂತಾಯಿತು. ಬ್ಯಾಂಕಿನವರು ಎರಡು ಪಾಯಿಂಟಿಗೆ ಒಂದು ಮೈಲು ಕೊಡುವವರಾದರೆ ಪಾಯಿಂಟಿಗೆ ಐವತ್ತು ಪೈಸೆ. ಅದೇ ಪಾಯಿಂಟಿಗೆ ಬ್ಯಾಂಕಿನವರ ಉಡುಗೊರೆಯ ಅಂಗಡಿಯಲ್ಲಿ ಮೂವತ್ತು ಪೈಸೆಯ ಸಾಮಾನು ದೊರೆಯುವುದಾದರೆ ವರ್ಗಾವಣೆಯೇ ಲಾಭ. ಆದರೆ ಅದೇ ಟಿಕೆಟ್ಟು ಅಗ್ಗದ ದಿನಗಳಲ್ಲಿ ೯,೦೦೦ ರೂಪಾಯಿಗೆ ಸಿಕ್ಕುವುದೆನ್ನಿ. ತೆರಿಗೆ ಕಳೆದು ಉಳಿತಾಯ ೬,೦೦೦. ಮೈಲಿಗೆ ನಲವತ್ತು ಪೈಸೆ, ಪಾಯಿಂಟಿಗೆ ಇಪ್ಪತ್ತೇ ಪೈಸೆ. ಆಗ ದುಡ್ಡು ಕೊಟ್ಟು ಹೋಗಿ ಪಾಯಿಂಟನ್ನು ಉಳಿಸಿಕೊಳ್ಳುವುದೇ ಸರಿ. ಲೆಕ್ಕ ಇಷ್ಟೇ, ಮೂರನೆಯ ತರಗತಿಯ ಹುಡುಗನೂ ಮಾಡಬಲ್ಲನು. ತೆರಿಗೆಯನ್ನು ಕಳೆಯುವುದನ್ನು ಮರೆಯುವುದರಿಂದಲೇ ದೊಡ್ಡವರು ತಪ್ಪುತ್ತಾರೆ. ಸುಂಕ ತಪ್ಪಿಸಲೆಂದು ರಾತ್ರಿಯೆಲ್ಲ ಅಡ್ಡದಾರಿ ಹಿಡಿದು ನಡೆದ ವರ್ತಕನಿಗೆ ಬೆಳಗಾದಾಗ ಸುಂಕದ ಕಟ್ಟೆಯೇ ಎದುರಾಯಿತೆಂಬ ಘಟ್ಟಕುಟೀಪ್ರಭಾತ ನ್ಯಾಯವನ್ನು ಪಂಡಿತರು ಬಲ್ಲರು. ಪುಕ್ಕಟೆ ಟಿಕೆಟ್ಟೆಂದು ನಂಬಿ ಹೊರಟವರಿಗೆ ಕಡೆಯ ಪುಟದಲ್ಲಿ ಎದುರಾಗುವ ಶುಲ್ಕವು ಆ ಕಟ್ಟೆಯೇ ಸರಿ.

ನಮ್ಮ ಲೆಕ್ಕದಲ್ಲಿ ವರ್ಗಾವಣೆಯೇ ಮೇಲೆಂದು ಬಂದಿತು. ಎರಡು ಟಿಕೆಟ್ಟಿಗೆ ಬೇಕಾದಷ್ಟನ್ನು ಮಾತ್ರ, ಒಂದು ಪಾಯಿಂಟೂ ಹೆಚ್ಚಿಲ್ಲದಂತೆ, ಗುರುವಾರ ಸಂಜೆ ವರ್ಗಾಯಿಸಿದೆವು. ಕೆಲವು ಬ್ಯಾಂಕುಗಳಿಂದ ಮೈಲುಗಳು ನಿಮಿಷಗಳಲ್ಲಿ ಹೋಗಿ ಸೇರುವುವು. ಕೆಲವದರಿಂದ ದಿನಗಳೇ ಹಿಡಿಯುವುದು. ನಮ್ಮವು ಸೇರಿದುದು ಶನಿವಾರ ಬೆಳಿಗ್ಗೆ. ಆ ಎರಡು ರಾತ್ರಿ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ರೆಯಿಲ್ಲ. ಕಾಯಿ ಒಡೆದಾಗಿದೆ, ಒಲೆ ಹೊತ್ತಿದೆಯೋ ಇಲ್ಲವೋ ಕಾಣದು ಎಂಬಂತಿತ್ತು. ಶನಿವಾರ ನೋಡಿದರೆ ಎರಡು ಆಸನಗಳಲ್ಲಿ ಒಂದು ಹೋಗಿತ್ತು. ಇದರಲ್ಲಿ ಯಾರ ತಪ್ಪೂ ಇಲ್ಲ. ನಮ್ಮಂತೆಯೇ ಯಾವ ಮನೆಯವರೋ ಯಾವ ಕಾರಣಕ್ಕೋ ಆ ರಾತ್ರಿ ಹೊರಡಬೇಕಾಗಿದ್ದಿತು.

ಹಿಂದಿನ ನಾವಾಗಿದ್ದರೆ "ಇಬ್ಬರಿಗೂ ಸಿಕ್ಕುವ ದಿನ ನೋಡೋಣ" ಎನ್ನುತ್ತಿದ್ದೆವು. ಈ ಸಲ ಹಾಗೆನ್ನಲಿಲ್ಲ. ಉಳಿದ ಆಸನವನ್ನು ಆ ನಿಮಿಷವೇ ನಮ್ಮ ಮನೆಯವರ ಹೆಸರಿನಲ್ಲಿ ತೆಗೆಸಿ, ಅದೇ ವಿಮಾನಕ್ಕೆ ನಮ್ಮ ಟಿಕೆಟ್ಟನ್ನು ದುಡ್ಡು ಕೊಟ್ಟು ಕೊಂಡೆವು. ಮಿಕ್ಕ ಮೈಲುಗಳಿಂದ ಮನೆಯವರ ಹಿಂದಿರುಗುವ ಟಿಕೆಟ್ಟನ್ನು ಒಂದು ಊಹೆಯ ದಿನಕ್ಕೆ ತೆಗೆಸಿದೆವು. ಮೈಲಿನ ಟಿಕೆಟ್ಟಿನಲ್ಲಿ ಒಂದು ಅನುಕೂಲವುಂಟು: ಆಸನವಿದ್ದರೆ ಸಣ್ಣ ಶುಲ್ಕ ಕೊಟ್ಟು ದಿನ ಬದಲಿಸಬಹುದು, ರದ್ದುಮಾಡಿದರೂ ಶುಲ್ಕ ಹಿಡಿದುಕೊಂಡು ಮೈಲನ್ನು ವಿಮಾನದ ಖಾತೆಗೆ ಹಿಂದಿರುಗಿಸುವರು. ಬ್ಯಾಂಕಿಗೆ ಮಾತ್ರ ಅದು ಹಿಂದಿರುಗದು.

ಜನವರಿ ೧೬ರ ಬೆಳಿಗ್ಗೆ ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ರಾತ್ರಿ ದೇವನಹಳ್ಳಿಯ ನಿಲ್ದಾಣದಿಂದ ಹೊರಟೆವು. ನಾಲ್ಕೂವರೆ ಗಂಟೆಯ ಹಾರಾಟ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿರುವುದರಿಂದ ರಾತ್ರಿ ಬಹು ಬೇಗ ಕಳೆದುಹೋಗುವುದು. ಮೊದಲ ಸಲ ಸಮುದ್ರ ದಾಟಿದ ನಮ್ಮ ಮನೆಯವರು ಕಿಟಕಿಯ ಕಡೆಗೆ ತಿರುಗಿ ಕತ್ತಲೆಯನ್ನೇ ನೋಡುತ್ತ ಕುಳಿತಿದ್ದರು. ಒಂದೇ ಸಾಲಿನ ಎರಡು ಆಸನಗಳಲ್ಲಿ ಒಂದಕ್ಕೆ ಮೈಲು ತೆತ್ತಿದ್ದೆವು, ಒಂದಕ್ಕೆ ರೂಪಾಯಿ. ಊಟವನ್ನು ತಂದುಕೊಟ್ಟ ಹುಡುಗಿಗೆ ಆ ಭೇದ ಕಾಣಿಸಲಿಲ್ಲ.

ಸಿಂಗಪುರವು ಭೂಮಧ್ಯರೇಖೆಗೆ ಉತ್ತರದಲ್ಲಿ ಒಂದು ಡಿಗ್ರಿಗಿಂತ ಸ್ವಲ್ಪವೇ ಆಚೆಗಿರುವ ಪುಟ್ಟ ದ್ವೀಪ. ಅಲ್ಲಿ ಋತುಗಳ ಭೇದವಿಲ್ಲ. ನಿತ್ಯವೂ ಸೆಖೆ, ಆಗಾಗ ಮಳೆ. ಅಲ್ಲಿಯ ನಿವಾಸಿಗಳಲ್ಲಿ ಹತ್ತರಲ್ಲಿ ಸುಮಾರು ಎಂಟು ಮಂದಿ ಸರಕಾರದವರು ಕಟ್ಟಿಸಿದ ಎತ್ತರದ ವಸತಿಗೃಹಗಳಲ್ಲಿರುವರು. ಮಗಳ ಮನೆಯೂ ಅಂಥದೇ, ಹನ್ನೊಂದನೆಯ ಅಂತಸ್ತು. ಬಾಗಿಲಿಗೆ ರಂಗವಲ್ಲಿಯಿಡಲು ಕೈಯಗಲದ ಜಾಗ ಮಾತ್ರವಿದ್ದಿತು. ಆದರೆ ಆ ಓಣಿಯಲ್ಲಿಯೇ ಎದುರು ಮನೆಯ ಚೀನೀ ಮುದುಕಿ ಊದುಬತ್ತಿ ಹಚ್ಚುತ್ತಿದ್ದಳು, ಪಕ್ಕದ ಮಲಯ ಸಂಸಾರದವರು ಹೊಸ್ತಿಲ ಹೊರಗೆ ಚಪ್ಪಲಿಗಳನ್ನು ಸಾಲಾಗಿ ಬಿಟ್ಟಿರುತ್ತಿದ್ದರು. ಮಲಯ, ಚೀನೀ, ತಮಿಳು, ಇಂಗ್ಲಿಷ್ ಈ ನಾಲ್ಕೂ ಅಲ್ಲಿಯ ಅಧಿಕೃತ ಭಾಷೆಗಳು. ನಮ್ಮ ಮನೆಯವರಿಗೆ ನಾಲ್ಕರಲ್ಲಿ ತಮಿಳು ಸ್ವಲ್ಪ ಅರ್ಥವಾಗುತ್ತಿತ್ತು. ಅಷ್ಟರಿಂದಲೇ ಅವರು ಸೆರಂಗೂನ್ ರಸ್ತೆಯ ತೆಕ್ಕಾ ಮಾರುಕಟ್ಟೆಯಲ್ಲಿ ಬೆಳ್ಳುಳ್ಳಿ, ವೀಳ್ಯದೆಲೆ, ನುಗ್ಗೆಸೊಪ್ಪುಗಳನ್ನು ಚೌಕಾಸಿಮಾಡಿ ತರುತ್ತಿದ್ದರು.

ಸಂಸ್ಕೃತ ಓದಿದವರಿಗೆ ಆ ಊರಿನ ಹೆಸರೇ ಒಂದು ಸ್ವಾಗತ. ಸಿಂಹಪುರವೆಂಬುದೇ ಸಿಂಗಪುರವಾಗಿರುವುದು. ಸುಮಾತ್ರದ ಕಡೆಯಿಂದ ಬಂದ ರಾಜಕುಮಾರನೊಬ್ಬನು ಅಲ್ಲಿ ಸಿಂಹವನ್ನು ಕಂಡು ಆ ಹೆಸರಿಟ್ಟನೆಂದು ಮಲಯರ ಐತಿಹ್ಯ. ಆ ಕಾಡುಗಳಲ್ಲಿ ಸಿಂಹವು ಇದ್ದುದೇ ಇಲ್ಲವೆಂದು ಪ್ರಾಣಿಶಾಸ್ತ್ರಜ್ಞರು ಹೇಳುವರು. ಹೆಸರಿನಲ್ಲಿ ಮಾತ್ರ ಅದು ಉಳಿದುಕೊಂಡಿದೆ.

ಒಂದು ಮಧ್ಯಾಹ್ನ ಅಳಿಯಂದಿರು ನಮ್ಮನ್ನು ಸ್ಟ್ಯಾಮ್‌ಫರ್ಡ್ ರಸ್ತೆಯ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡುಹೋದರು. ಅಲ್ಲಿ ಸಿಂಗಪುರದ ಶಿಲೆ ಎಂದು ಕರೆಯುವ ಒಂದು ಮರಳುಗಲ್ಲಿನ ತುಂಡಿದೆ. ಸಿಂಗಪುರ ನದಿಯ ಮುಖದಲ್ಲಿ ಆಳೆತ್ತರವನ್ನು ಮೀರಿದ ಬಂಡೆಯೊಂದಿದ್ದು, ಅದರ ಮೇಲೆ ಸುಮಾರು ಐವತ್ತು ಪಂಕ್ತಿಗಳ ಶಾಸನವಿದ್ದಿತಂತೆ. ೧೮೪೩ರಲ್ಲಿ ನದಿಯ ಮುಖವನ್ನು ಅಗಲಮಾಡುವುದಕ್ಕಾಗಿ ಬ್ರಿಟಿಷ್ ಎಂಜಿನಿಯರು ಸಿಡಿಮದ್ದಿಟ್ಟು ಅದನ್ನು ಒಡೆಸಿದನು. ಅಳಿದುಳಿದ ಚೂರುಗಳಲ್ಲಿ ಕೆಲವು ಕಲ್ಕತ್ತೆಯವರೆಗೂ ಹೋದುವು. ಒಂದು ಮರಳಿ ಬಂದು ಗಾಜಿನ ಹಿಂದೆ ನಿಂತಿದೆ. ಅಕ್ಷರಗಳು ಜಾವಾದ ಕವಿಲಿಪಿಯನ್ನು ಹೋಲುವುವೆಂದೂ, ಭಾಷೆ ಹಳೆಯ ಜಾವಾದ್ದೋ ಸಂಸ್ಕೃತವೋ ಆಗಿರಬಹುದೆಂದೂ ವಿದ್ವಾಂಸರು ಊಹಿಸುವರು. ಇದುವರೆಗೆ ಯಾರೂ ಅದನ್ನು ಓದಿ ಮುಗಿಸಿಲ್ಲ. ನಾವು ಕನ್ನಡಕವನ್ನು ಒರಸಿಕೊಂಡು ಬಹಳ ಹೊತ್ತು ನೋಡಿದೆವು. ಸವೆದ ಗೆರೆಗಳಲ್ಲಿ ಒಂದು ವಿಭಕ್ತಿಪ್ರತ್ಯಯವಾದರೂ ಕಂಡೀತೇ ಎಂದು ಆಸೆ. ಏನೂ ಕಾಣಲಿಲ್ಲ. ಆ ಎಂಜಿನಿಯರು ದುಷ್ಟನೆಂದು ನಮಗೆ ತೋರಲಿಲ್ಲ. ಅವನಿಗೆ ಅಂದು ನದಿ ಅಗಲವಾಗಬೇಕಾಗಿದ್ದಿತು, ಅಷ್ಟೆ. ಆದರೆ ಹಿಂದಿರುಗಿಸಲಾರದ ಕೆಲಸಕ್ಕೆ ಕೈಹಾಕುವ ಮುನ್ನ ಮನುಷ್ಯನು ಒಂದು ರಾತ್ರಿ ಮಲಗಿ ಎದ್ದು ಯೋಚಿಸಿದರೆ ಲೋಕಕ್ಕೆ ನಷ್ಟವೇನೂ ಇಲ್ಲ.

ಜನವರಿ ೩೦ರ ನಸುಕಿನಲ್ಲಿ, ವೈದ್ಯರು ಹೇಳಿದ ದಿನಕ್ಕೆ ಎಂಟು ದಿನ ಮುಂಚೆ, ಮಗಳಿಗೆ ನೋವು ಕಾಣಿಸಿಕೊಂಡಿತು. ಹೆರಿಗೆ ಸುಲಭದ್ದಾಗಿರಲಿಲ್ಲ. ಹದಿನಾರು ಗಂಟೆಯ ಹೊತ್ತು ನಮ್ಮ ಮನೆಯವರು ಆಸ್ಪತ್ರೆಯಲ್ಲಿದ್ದರು. ನಾವೂ ಅಳಿಯಂದಿರೂ ಹೊರಗಿನ ಬೆಂಚಿನಲ್ಲಿ ಕುಳಿತಿದ್ದೆವು. ರಾತ್ರಿ ಹೆಣ್ಣುಮಗು ಹುಟ್ಟಿತು. ತಾಯಿಯೂ ಮಗುವೂ ಕ್ಷೇಮವೆಂದು ತಿಳಿದ ಮೇಲೆ ಬೆಂಗಳೂರಿಗೆ ಫೋನುಮಾಡಿದೆವು. ಮಗನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಫೆಬ್ರವರಿ ಹತ್ತಕ್ಕೆ ಅಂದಿದ್ದೆ ನಾನು" ಎಂದನು. "ಅದು ಆಗಿಹೋದ ಮಾತು" ಎಂದೆವು. ಆ ದೀಪಾವಳಿಗೆ ಬ್ಯಾಂಕಿನವರು ಯಾವ ಹೆಚ್ಚುವರಿಯನ್ನೂ ಕೊಟ್ಟಿರಲಿಲ್ಲವೆಂಬುದು ಆಮೇಲೆ ತಿಳಿಯಿತು. ಕೊಟ್ಟಿದ್ದರೂ ನಮ್ಮ ಮಾತು ಬದಲಾಗುತ್ತಿರಲಿಲ್ಲ.

ಫೆಬ್ರವರಿ ೫ರಂದು ತೈಪೂಸಂ ಹಬ್ಬ. ಸೆರಂಗೂನ್ ರಸ್ತೆಯ ಶ್ರೀನಿವಾಸ ಪೆರುಮಾಳ್ ದೇವಸ್ಥಾನದಿಂದ ಟ್ಯಾಂಕ್ ರಸ್ತೆಯ ದಂಡಾಯುಧಪಾಣಿ ದೇವಸ್ಥಾನದವರೆಗೆ ಮೂರು ನಾಲ್ಕು ಕಿಲೋಮೀಟರಿನ ದಾರಿಯನ್ನು ಭಕ್ತರು ಹಾಲಿನ ಕೊಡಗಳನ್ನೂ ಕಾವಡಿಗಳನ್ನೂ ಹೊತ್ತು ಬರಿಗಾಲಿನಲ್ಲಿ ನಡೆಯುವರು. ಸಾಂಕ್ರಾಮಿಕದ ಕಾರಣ ನಿಂತಿದ್ದ ಆ ಮೆರವಣಿಗೆ ಆ ವರ್ಷ ಮತ್ತೆ ಪೂರ್ಣವಾಗಿ ನಡೆಯಿತು. ರಸ್ತೆಯ ಪಕ್ಕದಲ್ಲಿ ನಿಂತು ನೋಡುತ್ತಿರುವಾಗ ನಮ್ಮ ಅಕ್ಕನವರ ವಯಸ್ಸಿನ ವೃದ್ಧೆಯೊಬ್ಬರು ತಲೆಯ ಮೇಲೆ ಹಾ��ಿನ ಕೊಡವನ್ನಿಟ್ಟುಕೊಂಡು ಮೆಲ್ಲಮೆಲ್ಲನೆ ನಡೆದುಹೋದರು. ಒಂದು ಕೈಯನ್ನು ಮಗನೋ ಮೊಮ್ಮಗನೋ ಹಿಡಿದಿದ್ದನು. ಅವರು ಮರೆಯಾಗುವವರೆಗೆ ನೋಡಿದೆವು.

ಮೂರು ವಾರಕ್ಕೆ ನಾವು ಹಿಂದಿರುಗಿದೆವು. ಮನೆಯವರು ಅಲ್ಲಿಯ ಸರಕಾರಕ್ಕೆ ಅರ್ಜಿಮಾಡಿ ಅನುಮತಿಯನ್ನು ಮುಂದುವರಿಸಿಕೊಂಡು, ಟಿಕೆಟ್ಟಿನ ದಿನವನ್ನು ಬದಲಿಸಿ, ಬಾಣಂತನ ಮುಗಿಸಿ ಯುಗಾದಿಯ ಹೊತ್ತಿಗೆ ಬಂದರು.

ಈಗ ಇದನ್ನೆಲ್ಲ ನೆನೆದು, ಇಂಥ ಪಾಥೇಯವುಳ್ಳ ಗೃಹಸ್ಥರಿಗೆ ನಾಲ್ಕು ಮಾತು ಹೇಳಿದರೆ ತಪ್ಪಾಗಲಾರದು. ಮೊದಲನೆಯದು, ಪಾಯಿಂಟಿನ ಆಸೆಗೆ ಖರ್ಚುಮಾಡಬಾರದು; ಕಾರ್ಡಿನ ಬಾಕಿಯನ್ನು ಗಡುವಿಗೆ ಪೂರ್ತಿ ಸಲ್ಲಿಸದಿದ್ದರೆ ತಿಂಗಳಿಗೆ ನೂರಕ್ಕೆ ಮೂರೂವರೆಯ ಸುಮಾರಿನ ಬಡ್ಡಿ ಬೀಳುವುದು, ಅದರ ಮುಂದೆ ಯಾವ ಮೈಲೂ ನಿಲ್ಲಲಾರದು. ಎರಡನೆಯದು, ಹೋಗುವ ದಿನವೂ ಆಸನವೂ ಕಣ್ಣಿಗೆ ಕಾಣುವ ತನಕ ವರ್ಗಾಯಿಸಬಾರದು. ಹೆಚ್ಚುವರಿಯ ಪ್ರಕಟಣೆ ನೋಡಿ ಗುರಿಯಿಲ್ಲದೆ ವರ್ಗಾಯಿಸುವುದು ಮದುವೆ ಗೊತ್ತಾಗದೆ ಚಪ್ಪರ ಹಾಕಿಸಿದಂತೆ. ವಿಮಾನ ಸಂಸ್ಥೆಗಳೂ ಶಾಶ್ವತವಲ್ಲ. ನಮ್ಮ ಬೆಂಗಳೂರಿನ ಕಿಂಗ್‌ಫಿಷರ್ ೨೦೧೨ರ ಅಕ್ಟೋಬರಿನಲ್ಲಿಯೂ, ಜೆಟ್ ಏರ್‌ವೇಸ್ ೨೦೧೯ರ ಏಪ್ರಿಲಿನಲ್ಲಿಯೂ ಹಾರಾಟವನ್ನು ನಿಲ್ಲಿಸಿದುವು. ವಿಸ್ತಾರವು ೨೦೨೪ರ ನವೆಂಬರ್ ೧೨ರಂದು ಏರ್ ಇಂಡಿಯದಲ್ಲಿ ಸೇರಿಹೋಯಿತು. ಮೂರನೆಯದು, ಕಂಡ ಮೇಲೆ ತಡೆಯಬಾರದು. ಬ್ಯಾಂಕಿನಲ್ಲಿಯೇ ಕೂಡಿಹಾಕಿದರೂ ಅಭಯವಿಲ್ಲ. ಅಲ್ಲಿಯೂ ಅನೇಕ ಪಾಯಿಂಟುಗಳಿಗೆ ಅವಧಿಯುಂಟು, ಪ್ರಮಾಣವೂ ಬದಲಾಗುವುದುಂಟು. ನಾವು ಬಂದ ಕೆಲವೇ ತಿಂಗಳಿಗೆ, ೨೦೨೩ರ ಸೆಪ್ಟೆಂಬರಿನಿಂದ, ನಮ್ಮ ದೇಶದ ಒಂದು ಖಾಸಗಿ ಬ್ಯಾಂಕು ತನ್ನ ಒಂದು ಕಾರ್ಡಿನಲ್ಲಿ ಐದು ಪಾಯಿಂಟಿಗೆ ನಾಲ್ಕು ಮೈಲು ಇದ್ದುದನ್ನು ಎರಡಕ್ಕೆ ಇಳಿಸಿತು. ಅಟ್ಟದ ತುಂಬ ಕೂಡಿಟ್ಟಿದ್ದವರಿಗೆ ಅರ್ಧ ಕಾಯಿ ಒಂದೇ ದಿನ ಹೋದಂತಾಯಿತು. ನಾಲ್ಕನೆಯದು, ಆಸನ ದೊರೆಯದಿದ್ದರೆ, ಕೈಲಾದ ಮಟ್ಟಿಗೆ ದುಡ್ಡು ಕೊಟ್ಟು ಹೋಗತಕ್ಕುದು. ಬುತ್ತಿ ಇರುವುದು ಯಾತ್ರೆಗಾಗಿ. ಬುತ್ತಿ ಸಾಲದೆಂದು ಯಾತ್ರೆಯನ್ನು ನಿಲ್ಲಿಸಿದವನು ಬುತ್ತಿಯನ್ನೂ ಉಣ್ಣಲಿಲ್ಲ, ದೇವರನ್ನೂ ಕಾಣಲಿಲ್ಲ.

ಈ ಕಡೆಯ ಮಾತನ್ನು ಹೇಳಲು ನಮಗೆ ಅಧಿಕಾರ ಬಂದುದು ತಡವಾಗಿ. ಅದೇ ವರ್ಷದ ಕಾರ್ತಿಕದಲ್ಲಿ ನಾವಿಬ್ಬರೂ ಕಾಶಿಗೆ ಹೊರಟೆವು. ಮಗನು "ಪಾಯಿಂಟು ನೋಡಲಾ ಅಪ್ಪಾ?" ಎಂದು ಕೇಳಿದನು. ನೋಡಿದನು, ಬೇಕಾದ ದಿನಕ್ಕೆ ಆಸನವಿರಲಿಲ್ಲ. ಮಾರನೆಯ ದಿನ ನಾವೇ ಹೋಗಿ ರೈಲಿನ ಟಿಕೆಟ್ಟು ತಂದೆವು. ಎರಡು ರಾತ್ರಿಯ ಪ್ರಯಾಣ. ನಮ್ಮ ಮನೆಯವರು ಕೋಳಿ ಕೂಗುವುದಕ್ಕೆ ಮುಂಚೆ ಎದ್ದು ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಕಟ್ಟಿದ್ದರು. ಗಂಗೆಯಲ್ಲಿ ಮೂರು ಮುಳುಗು ಹಾಕಿದೆವು. ಒಂದು ನಮ್ಮದು, ಒಂದು ಮನೆಯವರದು, ಒಂದು ಅಕ್ಕನವರದು.